ಮೊದಲನೇ ತಿರುವು ಸಿಗೋವರೆಗೂ

ಪ್ರವಾಸ ಮುಗಿಸಿ ಬಂದು ಕಥೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಮನೆಯಲ್ಲಿ ಮಾತ್ರ ಸೂಟ್‌ಕೇಸು ಅಟ್ಟದಿಂದ ಇಳಿಯುವ ಮೊದಲೇ ಕಥೆಗಳು ಶುರುವಾಗಿಬಿಡುತ್ತವೆ. ನಾವೇನೂ ಕರೆಯುವುದಿಲ್ಲ, ಅವೇ ಬಂದು ಸೋಫಾ ಮೇಲೆ ಕೂರುತ್ತವೆ. ಈ ಬೇಸಿಗೆಯಲ್ಲಿ ಅರಿಜೋನಾ, ಯೂಟಾ ಕಡೆಯ ಮರುಭೂಮಿಯಲ್ಲಿ ಕಾರಿನಲ್ಲಿ ಸುತ್ತಾಡುವುದು ಎಂದು ತೀರ್ಮಾನವಾದ ಮೇಲೆ ಏನೇನಾಯಿತೋ ಅಷ್ಟನ್ನೇ ಹೇಳುತ್ತೇನೆ. ಹೊರಡುವುದು ಇನ್ನೂ ಮುಂದಿನ ವಾರ.

ಹೊರಟಿರುವವರು ಐದು ಜನ. ನ್ಯೂಯಾರ್ಕಿನ ಫ್ಲೋರಲ್ ಪಾರ್ಕಿನಲ್ಲಿರುವ ನಾನು ಮತ್ತು ನನ್ನ ಹೆಂಡತಿ. ನ್ಯೂಜೆರ್ಸಿಯ ಮಾರಿಸ್‌ಟೌನಿನಲ್ಲಿರುವ ನಮ್ಮ ಮಗಳು, ಧಾರವಾಡದ ಅಳಿಯ, ಅವರ ಒಬ್ಬಳೇ ಮಗಳು. ಪ್ರವಾಸದ ಐಡಿಯಾ ಈ ಮೊಮ್ಮಗಳದೇ. ಬೇಸಿಗೆ ಮುಗಿಯುತ್ತಲೇ ಅವಳು ಕಾಲೇಜಿಗೆ ಹೊರಟುಬಿಡುತ್ತಾಳೆ. "ಅದಕ್ಕೆ ಮುಂಚೆ ಒಂದ್ಸಲ, ಎಲ್ಲರೂ ಒಂದೇ ಕಾರಲ್ಲಿ" ಎಂದಳು, ಇಂಗ್ಲಿಷಿನಲ್ಲಿ. ಇಲ್ಲ ಅನ್ನುವುದಕ್ಕೆ ಯಾರಿಗೂ ಬಾಯಿ ಬರಲಿಲ್ಲ.

ಬಂಡೆ ಮತ್ತು ಬಿಸಿಲು

ಒಬ್ಬರಿಗೆ ಬಂತು. ನನ್ನ ಹೆಂಡತಿಗೆ.

"ಬಳ್ಳಾರಿಯಲ್ಲಿ ಹುಟ್ಟಿ ಬೆಳೆದವಳಿಗೆ ಬಂಡೆ, ಬಿಸಿಲು ತೋರಿಸೋಕೆ ವಿಮಾನದಲ್ಲಿ ಕರ್ಕೊಂಡು ಹೋಗ್ತೀರಾ?" ಎಂದಳು. "ಅದೂ ಜುಲೈಯಲ್ಲಿ! ಬುದ್ಧಿ ಇರೋರು ಬಿಸಿಲು ಬಿಟ್ಟು ನೆರಳಿಗೆ ಹೋಗ್ತಾರೆ. ನೀವು ನೆರಳು ಬಿಟ್ಟು ಬಿಸಿಲಿಗೆ ರೂಮ್ ಬುಕ್ ಮಾಡ್ತಿದೀರ."

ಮೊಮ್ಮಗಳು ಸೋಲಲಿಲ್ಲ. ಫೋನ್ ಹಿಡಿದು ಅಜ್ಜಿಯ ಪಕ್ಕ ಕೂತು ಫೋಟೋಗಳನ್ನು ಒಂದೊಂದಾಗಿ ತೋರಿಸಿದಳು. ಕೆಂಪು ಬಂಡೆಗಳು, ಅವುಗಳ ಪಕ್ಕದಲ್ಲಿ ಒಂದು ಖಾಲಿ ರಸ್ತೆ, ಒಂದರ ಮೇಲೊಂದು ಯಾರೋ ಎತ್ತಿಟ್ಟಂಥ ಗುಂಡುಕಲ್ಲುಗಳು, ನಡುವೆ ಕಮಾನಿನಂತೆ ಬಾಗಿ ನಿಂತ ಕಲ್ಲು. ನಾನಂತೂ ಬೆರಗಾಗಿಹೋದೆ. ಕೋಟ್ಯಂತರ ವರ್ಷ ಗಾಳಿ ನೀರು ಕೊರೆದು ಮಾಡಿದ್ದು ಎಂದು ಮೊಮ್ಮಗಳು ವಿವರಿಸಿದಳು. ಹೆಂಡತಿ ಕನ್ನಡಕ ಏರಿಸಿಕೊಂಡು ಎಲ್ಲವನ್ನೂ ತಾಳ್ಮೆಯಿಂದ ನೋಡಿದಳು. ಕೊನೆಗೆ ತೀರ್ಪು ಕೊಟ್ಟಳು.

"ಹಂಪೀನೇ ಇದು. ದೇವಸ್ಥಾನ ಕಟ್ಟೋದು ಮರ್ತಿದಾರೆ."

ಅಳಿಯಂದಿರ ಪ್ಲಾನು

ನಮ್ಮ ಅಳಿಯ ಸಾಫ್ಟ್‌ವೇರಿನವರು. ಪ್ಲಾನ್ ಮಾಡುವುದೆಂದರೆ ಅವರಿಗೆ ಊಟ ಮಾಡಿದಷ್ಟು ಖುಷಿ. ಒಂದು ಭಾನುವಾರ ಎಲ್ಲರನ್ನೂ ಮಾರಿಸ್‌ಟೌನಿಗೆ ಕರೆಸಿ, ಟೀವಿ ಪರದೆ ತುಂಬ ಬಣ್ಣಬಣ್ಣದ ಚೌಕಗಳನ್ನು ಹಾಕಿ ತೋರಿಸಿದರು. ಯಾವಾಗ ಏಳುವುದು, ಎಲ್ಲಿ ತಿನ್ನುವುದು, ಯಾವ ಊರಿನಲ್ಲಿ ಶೌಚಾಲಯ, ಎಲ್ಲ. ಶೌಚಾಲಯದ ಸಾಲನ್ನು ನನ್ನ ಕಡೆ ನೋಡದೆ ಬೇಗ ದಾಟಿಸಿದರು. ಒಳ್ಳೆಯ ಮನುಷ್ಯ.

ನನ್ನ ಕಣ್ಣು ಹುಡುಕುತ್ತಿದ್ದದ್ದು ಬೇರೆ. ಈ ಪ್ರವಾಸದಲ್ಲಿ ನನಗೆ ಬೇಕಾದದ್ದು ಒಂದೇ ಒಂದು: ಸ್ವಲ್ಪ ಹೊತ್ತು ಸ್ಟಿಯರಿಂಗು. ನೋಡಿ, ಮೂವತ್ತು ವರ್ಷ ನಾನು ಲಾಂಗ್ ಐಲೆಂಡ್ ಎಕ್ಸ್‌ಪ್ರೆಸ್‌ವೇನಲ್ಲಿ ಆಫೀಸಿಗೆ ಕಮ್ಯೂಟ್ ಮಾಡಿದವನು. ಆ ಮೂವತ್ತು ವರ್ಷ ಅಮೆರಿಕ ಅಂತ ನಾನು ನೋಡಿದ್ದು ಮುಂದಿನ ಕಾರಿನ ಹಿಂಭಾಗವನ್ನು. ಮುಂದೆ ಯಾರೂ ಇಲ್ಲದ ರಸ್ತೆಯೊಂದು ಈ ದೇಶದಲ್ಲಿದೆ, ಅದು ಆಕಾಶಕ್ಕೆ ಹೋಗಿ ತಗಲುತ್ತದೆ ಎಂದು ಫೋಟೋಗಳಲ್ಲಿ ಕಂಡಿದ್ದೆ. ಒಂದು ಸಲ ಅಂಥದ್ದರ ಮೇಲೆ ಗಾಡಿ ಬಿಡಬೇಕು. ಈ ಆಸೆಯನ್ನು ಹೆಂಡತಿಯೊಬ್ಬಳಿಗೆ ಹೇಳಿದ್ದೆ. "ನನ್ನನ್ನ ಕೇಳಿದ್ರೆ? ಅಳಿಯಂದಿರನ್ನ ಕೇಳಿ" ಎಂದಿದ್ದಳು.

ಟೀವಿ ಪರದೆಯಲ್ಲಿ ಡ್ರೈವರ್ ಎಂಬ ಕಡೆ ಎರಡು ಹೆಸರಿದ್ದವು. ಮಗಳದು, ಅಳಿಯನದು. ನನ್ನ ಹೆಸರು ಕೆಳಗೆ ಹಸಿರು ಚೌಕದಲ್ಲಿತ್ತು: ಕೋಡುಬಳೆ ಹಂಚುವುದು.

ಕೇಳಬಹುದಿತ್ತಲ್ಲ ಅಂತೀರಿ. ಅಳಿಯನನ್ನು ಬಹುವಚನದಲ್ಲೇ ಮಾತಾಡಿಸುವ ಮನೆತನ ನಮ್ಮದು. ಮಾವನ ಎದುರು ಕಾಲ ಮೇಲೆ ಕಾಲು ಹಾಕದ ಮನೆತನ ಅವರದು. ಹೀಗಿರುವಾಗ 'ಕೀ ಕೊಡಿ' ಎಂದು ನಾನು ಕೇಳುವ ಹಾಗಿಲ್ಲ, 'ಕೊಡೋದಿಲ್ಲ' ಎಂದು ಅವರು ಹೇಳುವ ಹಾಗಿಲ್ಲ. ಸುತ್ತಿ ಬಳಸಿ ಹೊರಟೆ.

"ಅಷ್ಟು ದೂರ ನೀವಿಬ್ಬರೇ ಓಡಿಸಿದರೆ ಸುಸ್ತಾಗುವುದಿಲ್ಲವೇ?"

"ಏ, ನಮಗೇನ ಸುಸ್ತರೀ ಮಾವಾರ! ನೀವು ಆರಾಮ ಕೂಡ್ರಿ."

"ಆರಾಮವೇನೋ ಸರಿ. ಕೂತೇ ಇದ್ದರೆ ಕಾಲು ಹಿಡಿದುಕೊಳ್ಳುತ್ತದೆ."

ಅವರು ತಲೆಯಾಡಿಸಿದರು. ಅರ್ಥವಾಯಿತು ಎಂದು ನನಗೆ ಖಾತ್ರಿಯಾಯಿತು. ಮರುದಿನವೇ ಪ್ಲಾನ್ ತಿದ್ದಿ ಕಳಿಸಿದರು. ನನ್ನ ಕಾಲಿಗೋಸ್ಕರ ಇನ್ನೂ ನಾಲ್ಕು ಶೌಚಾಲಯ ಸೇರಿಸಿದ್ದರು.

ಮೊಸರಿನ ನಾಡು

ಇಷ್ಟರಲ್ಲಿ ನನ್ನ ಹೆಂಡತಿ ಇದ್ದಕ್ಕಿದ್ದಂತೆ ಮರುಭೂಮಿಯ ಪಕ್ಷಕ್ಕೆ ಬಂದುಬಿಟ್ಟಳು. ಕಾರಣ ಪ್ರಕೃತಿ ಸೌಂದರ್ಯವಲ್ಲ.

ಈ ದೇಶಕ್ಕೆ ಬಂದ ಮೊದಲ ಚಳಿಗಾಲದಿಂದ ಅವಳ ಹೋರಾಟ ಒಂದೇ, ಮೊಸರು. ಹಾಲಿಗೆ ಹೆಪ್ಪು ಹಾಕಿ, ಪಾತ್ರೆಯನ್ನು ಓವನ್ನಿನಲ್ಲಿಟ್ಟು, ಲೈಟ್ ಹಾಕಿ, ಮೇಲೆ ಶಾಲು ಹೊದಿಸಿ ಬಾಗಿಲು ಮುಚ್ಚುತ್ತಾಳೆ. ಕನ್ನಡ ಸಂಘದಲ್ಲಿ ನನಗೆ ಇಷ್ಟು ವರ್ಷದಲ್ಲಿ ಶಾಲು ಹೊದಿಸಿದ್ದು ಒಂದೇ ಸಲ. ನಮ್ಮ ಮೊಸರಿನ ಪಾತ್ರೆಗೆ ದಿನಾ ಸನ್ಮಾನ. ಅಷ್ಟಾದರೂ ಜನವರಿಯಲ್ಲಿ ಬೆಳಗ್ಗೆ ತೆಗೆದು ನೋಡಿದರೆ ಹಾಲು ಹಾಲಾಗಿಯೇ ಇರುತ್ತದೆ.

"ಅಲ್ಲಿ ಕಾರೊಳಗೆ ಎಷ್ಟು ಬಿಸಿ ಇರುತ್ತೆ?" ಎಂದು ಮೊಮ್ಮಗಳನ್ನು ಕೇಳಿದಳು.

ನಿಂತ ಕಾರಿನೊಳಗೆ ಮೊಟ್ಟೆ ಬೇಯಿಸಬಹುದು ಎಂದು ಅವಳು ಅಜ್ಜಿಯನ್ನು ಎಚ್ಚರಿಸುವ ದನಿಯಲ್ಲಿ ಹೇಳಿದಳು. ಹೆಂಡತಿಯ ಮುಖ ಅರಳಿತು.

"ಹಾಗಾದ್ರೆ ಬೆಳಗ್ಗೆ ಹೆಪ್ಪು ಹಾಕಿದ್ರೆ ಮಧ್ಯಾಹ್ನಕ್ಕೆ ಗಟ್ಟಿ ಮೊಸರು! ನೋಡ್ರೀ, ಇಂಥ ಜಾಗ ಬಿಟ್ಟು ನ್ಯೂಯಾರ್ಕಲ್ಲಿ ಯಾಕೆ ಮನೆ ತಗೊಂಡ್ರಿ?"

ಜಾಗ ಇತ್ತು

ಅಳಿಯನನ್ನು ಕೇಳಲಾಗದಿದ್ದರೂ ಮಗಳನ್ನು ಕೇಳಬಹುದು. ಕೇಳಿದೆ. ಅವಳು ಡಾಕ್ಟರು, ಸುತ್ತಿ ಬಳಸಿ ಮಾತಾಡಿ ಅಭ್ಯಾಸವಿಲ್ಲ.

"ಅಪ್ಪ, ಸಿಟ್ಟು ಮಾಡ್ಕೋಬೇಡ. ನೀನು ಯಾವಾಗ್ಲೂ ಪಾರ್ಕಿಂಗ್ ಹುಡುಕ್ತಾ ಇರೋನ ಥರ ಓಡಿಸ್ತೀಯ."

"ಕಣ್ಣಿನ ಪೊರೆ ತೆಗೆಸಿದ ಮೇಲೆ ಎಲ್ಲ ಸರಿಯಾಗಿದೆ. ಬೇಕಾದರೆ ಟೆಸ್ಟ್ ತಗೋ."

ತಗೊಂಡಳು. ಫ್ಲೋರಲ್ ಪಾರ್ಕಿನ ನಮ್ಮ ಮನೆಯಿಂದ ಜೆರಿಕೋದಲ್ಲಿರುವ ಸ್ನೇಹಿತರ ಮನೆಯವರೆಗೆ ಹೋಗಿ ಬರುವುದು. ಅವಳು ನನ್ನ ಪಕ್ಕ, ಮೊಮ್ಮಗಳು ಹಿಂದೆ. ಸ್ವಲ್ಪ ದೂರ ಹೋದಮೇಲೆ ಓರೆಗಣ್ಣಿನಲ್ಲಿ ನೋಡಿದೆ. ಮಗಳ ಬಲಗಾಲು ತನ್ನೆದುರು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ನನಗೆ ನಗು ಬಂತು, ಹಿಂದೆಯೇ ಇನ್ನೇನೋ ಬಂತು. ಅವಳಿಗೆ ಹದಿನೇಳಾದಾಗ, ರೈಲ್ವೆ ಸ್ಟೇಷನ್ನಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಡ್ರೈವಿಂಗ್ ಕಲಿಸುತ್ತ, ಅದೇ ಸೀಟಿನಲ್ಲಿ ಕೂತು ಅದೇ ಇಲ್ಲದ ಬ್ರೇಕನ್ನು ಒತ್ತಿದವನು ನಾನು. ಆಗ ಭಯ ಅವಳ ಡ್ರೈವಿಂಗ್ ಬಗ್ಗೆ ಇರಲಿಲ್ಲ. ಅವಳು ಕಾರಿನಲ್ಲಿದ್ದಾಳೆ ಎಂಬುದರ ಬಗ್ಗೆ ಇತ್ತು. ಈಗ ಆ ಭಯ ಸೀಟು ಬದಲಾಯಿಸಿದೆ, ಅಷ್ಟೇ. ಇದನ್ನೆಲ್ಲ ಯೋಚಿಸುತ್ತ ಎಷ್ಟು ಚೆನ್ನಾಗಿ ಓಡಿಸಿದೆನೆಂದರೆ ಮಗಳ ಕಾಲು ನಿಧಾನವಾಗಿ ಸಡಿಲವಾಯಿತು.

ಹೋಗಿ, ಕಾಫಿ ಕುಡಿದು, ವಾಪಸ್ ಹೊರಟೆವು. ಹಿಲ್‌ಸೈಡ್ ಅವೆನ್ಯೂ ಬಂತು. ನಮ್ಮ ಕಡೆಯ ಅಂಗಡಿಗಳೆಲ್ಲ ಇರುವ ಬೀದಿ. ಶನಿವಾರ ಮಧ್ಯಾಹ್ನ ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದೆಂದರೆ ಪೂರ್ವಜನ್ಮದ ಪುಣ್ಯ. ಸ್ವೀಟ್ ಅಂಗಡಿಯ ಎದುರಿಗೇ, ಬಾಗಿಲಿಗೆ ನೇರವಾಗಿ, ಒಂದು ಜಾಗ ಖಾಲಿ ಇತ್ತು. ಆಮೇಲೆ ಏನಾಯಿತೋ ನನಗೂ ಗೊತ್ತಿಲ್ಲ. ಕೈ ತಾನಾಗಿ ಇಂಡಿಕೇಟರ್ ಹಾಕಿತು, ಕಾರು ಹಿಂದೆ ಹೋಯಿತು, ಒಂದೇ ಪಟ್ಟಿಗೆ ಫುಟ್‌ಪಾತಿನ ಪಕ್ಕ ಹೋಗಿ ನಿಂತಿತು. ಇಂಜಿನ್ನೂ ಆಫ್ ಮಾಡಿದ್ದೆ.

"ಯಾಕಪ್ಪ ನಿಲ್ಲಿಸ್ದೆ? ಏನಾದ್ರೂ ತಗೋಬೇಕಾ?"

"ಇಲ್ಲ."

"ಮೈ ಸರಿ ಇಲ್ವಾ?"

"ಚೆನ್ನಾಗಿದೆ."

"ಮತ್ತೆ?"

"ಜಾಗ ಇತ್ತು."

ಹಿಂದಿನ ಸೀಟಿನಲ್ಲಿ ಮೊಮ್ಮಗಳು ನಗು ತಡೆಯಲಾಗದೆ ಬಗ್ಗಿಬಿಟ್ಟಳು. ಮಗಳು ನಗಲಿಲ್ಲ. ಹಣೆ ಹಿಡಿದುಕೊಂಡು ಹೇಳಿದಳು.

"ಅಪ್ಪ, ಮರುಭೂಮಿ ಪೂರ್ತಿ ಜಾಗಾನೇ ಇರೋದು. ಎಲ್ಲೆಲ್ಲಿ ಅಂತ ನಿಲ್ಲಿಸ್ತೀಯ?"

ನಿಂಬೆಹಣ್ಣು

ಅಲ್ಲಿಗೆ ನನ್ನ ಆಸೆ ಮುಗಿಯಿತು ಎಂದುಕೊಂಡೆ. ಕೋಡುಬಳೆಯನ್ನೇ ಶ್ರದ್ಧೆಯಿಂದ ಹಂಚುವುದೆಂದು ಮನಸ್ಸಿಗೆ ಸಮಾಧಾನ ಹೇಳಿದೆ.

ಮೊನ್ನೆ ಭಾನುವಾರ ಅಳಿಯ ಮಾರಿಸ್‌ಟೌನಿನ ಮನೆಯಲ್ಲಿ ರಿಹರ್ಸಲ್ ಇಟ್ಟಿದ್ದರು. ಬಾಡಿಗೆ ವ್ಯಾನು ಸಿಗುವುದು ಫೀನಿಕ್ಸ್ ವಿಮಾನ ನಿಲ್ದಾಣದಲ್ಲಿ. ಅಷ್ಟೇ ದೊಡ್ಡ ವ್ಯಾನು ಅವರದೂ ಇರುವುದರಿಂದ, ಎಲ್ಲ ಸಾಮಾನು ಹಿಡಿಸುತ್ತದೋ ಇಲ್ಲವೋ ಅದರಲ್ಲೇ ತುಂಬಿ ನೋಡುವುದು ಎಂದು. ತುಂಬಿದೆವು. ರೈಸ್ ಕುಕ್ಕರ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಕೋಡುಬಳೆ ಡಬ್ಬಿ, ಮೊಸರಿನ ಪಾತ್ರೆ. ಮಿಕ್ಕ ಜಾಗದಲ್ಲಿ ಬಟ್ಟೆ. ಆಗ ನನ್ನ ಹೆಂಡತಿ ಚೀಲದಿಂದ ಕುಂಕುಮ, ಊದಿನಕಡ್ಡಿ, ನಾಲ್ಕು ನಿಂಬೆಹಣ್ಣು ತೆಗೆದಳು.

"ಅಮ್ಮ, ಇದು ಬರೀ ರಿಹರ್ಸಲ್" ಎಂದಳು ಮಗಳು.

"ರಿಹರ್ಸಲ್ ಅಂದ್ಮೇಲೆ ಪೂರ್ತಿ ಆಗ್ಬೇಕು. ಪೂಜೆ ಆಗದ ಗಾಡಿ ನಾನು ಇಲ್ಲೂ ಹತ್ತಲ್ಲ, ಅಲ್ಲೂ ಹತ್ತಲ್ಲ."

ಒಂದೊಂದು ಚಕ್ರದ ಕೆಳಗೆ ಒಂದೊಂದು ಹಣ್ಣು ಕೂತಿತು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಪಕ್ಕದ ಮನೆಯ ಅಮೆರಿಕನ್ ನಿಂತು, ಗಾಡಿ ಜಾರಬಾರದು ಅಂತ ಇಟ್ಟಿದ್ದೀರಾ ಎಂದು ವಿಚಾರಿಸಿದ. "ಇಲ್ಲ, ಇದು ಇನ್ಶೂರೆನ್ಸ್" ಎಂದಳು ಮೊಮ್ಮಗಳು. ಅವನು ಹಣ್ಣುಗಳನ್ನು ಸ್ವಲ್ಪ ಅಸೂಯೆಯಿಂದಲೇ ನೋಡಿದ. ತನ್ನದರ ಪ್ರೀಮಿಯಂ ಈ ವರ್ಷ ತುಂಬ ಏರಿಸಿದ್ದಾರೆ ಎಂದು ಹೇಳಿ ಹೋದ.

ಆರತಿ ಆಯಿತು. ಅಳಿಯ ಡ್ರೈವರ್ ಬಾಗಿಲಿಗೆ ಕೈ ಹಾಕಿದರು.

"ನಿಲ್ಲಿ" ಎಂದಳು ನನ್ನ ಹೆಂಡತಿ. "ಹಣ್ಣಿನ ಮೇಲೆ ಗಾಡಿ ಹತ್ತಿಸೋದು ಮನೆಯ ಹಿರಿಯರು."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ವ್ಯಾನಿನ ಹಿಂದಿನ ಸೀಟಿನಲ್ಲಿ ಕೋಡುಬಳೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

"ಹತ್ತಿಸಿ ಅಲ್ಲೇ ನಿಲ್ಲಿಸಬಹುದಲ್ಲ?" ಮಗಳು ಕೇಳಿದಳು.

"ಅಲ್ಲೇ ನಿಲ್ಲಿಸಿದ್ರೆ ಫಲ ಇಲ್ಲ. ಮೊದಲನೇ ತಿರುವು ಸಿಗೋವರೆಗೂ ಕೈ ಬದಲಾಯಿಸಬಾರದು."

ಅಳಿಯನ ಮುಖದಲ್ಲಿ ಎಂಥ ನೆಮ್ಮದಿ ಕಂಡಿತು ಅಂತೀರಿ! ಇಷ್ಟು ದಿನ ಅವರೂ ದಾರಿ ಹುಡುಕುತ್ತಿದ್ದರು ಎಂದು ನನಗೆ ಆಗ ಹೊಳೆಯಿತು. ಎರಡೂ ಕೈಯಲ್ಲಿ ಕೀ ಹಿಡಿದು ತಂದು, "ತಗೋರಿ ಮಾವಾರ" ಎಂದರು. ಡಬ್ಬಿ ಸೀಟಿನ ಮೇಲಿಟ್ಟು ಹೋಗಿ ಮುಂದೆ ಕೂತೆ. ಮಗಳು ನನ್ನ ಪಕ್ಕ ಬಂದು ಕೂತಳು. ಉಳಿದವರು ಹಿಂದೆ.

ಪಚಕ್ ಎಂದು ನಾಲ್ಕೂ ಹಣ್ಣು ಒಡೆದವು. ವ್ಯಾನು ಡ್ರೈವ್‌ವೇ ಇಳಿದು ರಸ್ತೆಗೆ ಬಂತು. ಭಾನುವಾರದ ಬೆಳಗ್ಗೆ, ಮುಂದೆ ಒಂದು ಕಾರೂ ಇಲ್ಲ. ನಾಲ್ಕು ಮನೆ ದಾಟಿದರೆ ತಿರುವು. ಮೂರನೇ ಮನೆಯ ಎದುರು, ಮೇಪಲ್ ಮರದ ನೆರಳಿನಲ್ಲಿ, ಎರಡು ಕಾರುಗಳ ನಡುವೆ, ನಮ್ಮ ವ್ಯಾನಿನ ಅಳತೆ ತೆಗೆದುಕೊಂಡು ಹೊಲಿಸಿದಂಥ ಜಾಗ ಖಾಲಿ ಇತ್ತು.

"ತಾತ, ದೇರ್ ಈಸ್ ಎ ಸ್ಪಾಟ್" ಎಂದಿತು ಹಿಂದಿನಿಂದ ಮೊಮ್ಮಗಳ ತುಂಟ ದನಿ.

ಮಗಳ ಬಲಗಾಲು ಇಲ್ಲದ ಬ್ರೇಕಿನ ಮೇಲೆ ಹೋಯಿತು. ನನ್ನ ಎಡಗೈ ಇಂಡಿಕೇಟರಿನ ಕಡೆ ಹೋಯಿತು. ಅದನ್ನು ಹಿಡಿದು ಸ್ಟಿಯರಿಂಗಿನ ಮೇಲೆ ವಾಪಸ್ ಇಟ್ಟೆ. ಜಾಗ ಹಿಂದೆ ಸರಿದು ಹೋಯಿತು. ತಿರುವಿನಲ್ಲಿ ನಿಧಾನವಾಗಿ ನಿಲ್ಲಿಸಿ, ಕೀ ತೆಗೆದು ಮಗಳ ಕೈಯಲ್ಲಿಟ್ಟೆ.

ಅವಳು ಕೀಯನ್ನು ಮುಷ್ಟಿಯಲ್ಲಿ ಹಿಡಿದು, ದಾಟಿ ಬಂದ ಆ ಖಾಲಿ ಜಾಗದ ಕಡೆ ತಿರುಗಿ ನೋಡಿದಳು.

"ಆ ಜಾಗ ನೋಡ್ದ್ಯಾ ಅಪ್ಪ?"

"ನೋಡ್ದೆ."

"ಕಷ್ಟ ಆಯ್ತಾ?"

"ತುಂಬ."

ಈಗ ನಕ್ಕಳು. ಹಾಗೆ ನಕ್ಕರೆ ಅವಳು ಈಗಲೂ ಹದಿನೇಳರ ಹುಡುಗಿಯೇ. "ಸರಿ. ಅಲ್ಲೂ ನೀನೇ ಹಣ್ಣು ಹತ್ತಿಸು. ಆದ್ರೆ ಕೇಳು, ಅಮ್ಮನ ಶಾಸ್ತ್ರ ಎಷ್ಟೋ ಅಷ್ಟೇ. ಮೊದಲನೇ ತಿರುವು, ಕೀ ವಾಪಸ್. ಇನ್ನೊಂದು ಅಡಿ ಮುಂದೆ ಹೋಗಂಗಿಲ್ಲ."

"ಒಂದು ಅಡಿಯೂ ಇಲ್ಲ" ಎಂದು ಮಾತು ಕೊಟ್ಟೆ.

"ನಾಳೆನ ಫೋನ್ ಮಾಡಿ ಬಾಡಿಗಿ ಕಂಪನಿಯವ್ರಿಗೆ ಡ್ರೈವರ್ ಅಂತ ನಿಮ್ಮ ಹೆಸರೂ ಹೇಳತೇನ್ರಿ ಮಾವಾರ" ಎಂದರು ಅಳಿಯ.

"ಆದ್ರೆ ಏರ್‌ಪೋರ್ಟಿನ ಗದ್ದಲದಲ್ಲಿ ಪೂಜೆ ಬೇಡ" ಎಂದಳು ನನ್ನ ಹೆಂಡತಿ. "ಊರು ದಾಟೋವರೆಗೆ ದೇವರನ್ನ ನೆನೆಸ್ಕೊಂಡು ಕೂತಿರ್ತೀನಿ. ಆ ಫೋಟೋದಲ್ಲಿತ್ತಲ್ಲ ಖಾಲಿ ರಸ್ತೆ, ಅಲ್ಲಿ ಮಾಡೋಣ."

ಮೊಮ್ಮಗಳು ಆಗಲೇ ಫೋನಿನಲ್ಲಿ ಆ ರಸ್ತೆಯ ಮ್ಯಾಪು ತೆಗೆದಿದ್ದಳು. ಮೊದಲನೇ ತಿರುವು ಹುಡುಕುತ್ತಿದ್ದಳು. ಬೆರಳಿನಿಂದ ಸರಿಸಿದಳು, ಮತ್ತೆ ಸರಿಸಿದಳು, ಮ್ಯಾಪನ್ನು ಚಿಕ್ಕದು ಮಾಡಿದಳು, ಇನ್ನೂ ಚಿಕ್ಕದು ಮಾಡಿದಳು. ಆಮೇಲೆ ಫೋನನ್ನು ತಾಯಿಯ ಮುಂದೆ ಹಿಡಿದಳು. ಪರದೆಯ ಈ ತುದಿಯಿಂದ ಆ ತುದಿಯವರೆಗೆ, ಸ್ಕೇಲಿಟ್ಟು ಎಳೆದ ಹಾಗೆ, ಒಂದೇ ಗೆರೆ.

ಮಗಳು ನಿಧಾನವಾಗಿ ಹಿಂದಕ್ಕೆ ತಿರುಗಿದಳು.

"ಅಮ್ಮ, ಈ ತಿರುವಿನ ಶಾಸ್ತ್ರ ಎಲ್ಲಿಯದು?"

ನನ್ನ ಹೆಂಡತಿ ಮೊಸರಿನ ಪಾತ್ರೆಯ ಮುಚ್ಚಳ ಸರಿಮಾಡುತ್ತ, ತಲೆ ಎತ್ತದೆ, "ಬಳ್ಳಾರಿ ಕಡೇದು" ಎಂದಳು.

ಮಗಳು ಗಂಡನ ಕಡೆ ನೋಡಿದಳು. ಅಳಿಯ ಗಂಭೀರವಾಗಿ ತಲೆಯಾಡಿಸಿದರು.

"ನಮ್ಮ ಧಾರವಾಡದ ಕಡೀನೂ ಅದ" ಎಂದು ಹೇಳಿ, ನಾನು ಬಿಟ್ಟುಬಂದ ಡಬ್ಬಿಯನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. "ಮಾವಾರ, ಇನ್ನ ಮ್ಯಾಲೆ ಕೋಡುಬಳೆ ಡ್ಯೂಟಿ ನಂದು."