ಕಾಫಿ ಕೊಟ್ಟರು, ಬಿಸ್ಕತ್ತು ಕೊಡಲಿಲ್ಲ

ನಮ್ಮ ಸೋದರಮಾವನ ಪ್ರಕಾರ ಈ ಪ್ರಪಂಚದಲ್ಲಿ ಇರುವುದು ಎರಡೇ ಪಂಗಡ: ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು. ಬಾಡಿಗೆಗೆ ಮನೆ ಕೇಳಿಕೊಂಡು ಬಂದವರು ಹೆಣ್ಣಿನ ಕಡೆ, ಓನರು ಗಂಡಿನ ಕಡೆ. ಓಟು ಕೇಳುವವರು ಎಲೆಕ್ಷನ್ ಮುಗಿಯುವ ತನಕ ಹೆಣ್ಣಿನ ಕಡೆ, ಗೆದ್ದ ಮರುದಿನದಿಂದ ಗಂಡಿನ ಕಡೆ! ನಗಬೇಡಿ. ಕೋಗಿಲು, ಬಾಗಲೂರು, ತಣಿಸಂದ್ರದ ಸುತ್ತ ಸಂಬಂಧ ಕುದುರಿಸುತ್ತಲೇ ತಲೆ ನರೆಸಿಕೊಂಡ ಮನುಷ್ಯನಿಗೆ ಲೋಕ ಇನ್ನು ಹೇಗೆ ತಾನೇ ಕಂಡೀತು? ಹೊಲಗಳೆಲ್ಲ ಲೇಔಟ್ ಆದವು, ಹುಡುಗ ಹುಡುಗಿಯರು ಕಂಪ್ಯೂಟರಿನಲ್ಲೇ ಜೋಡಿ ಹುಡುಕಿಕೊಳ್ಳತೊಡಗಿದರು. ಮಾವ ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮನೆಮನೆ ಅಲೆಯುವುದನ್ನು ಬಿಡಲಿಲ್ಲ.

ಇಂಥವರ ಕೈಗೆ ನನ್ನ ಇಂಟರ್‌ವ್ಯೂ ಸಿಕ್ಕಿಬಿಟ್ಟಿತು.

ಮಗಳು ಹುಟ್ಟಿದಾಗ ಕೆಲಸ ಬಿಟ್ಟವಳು ನಾನು. ಅವಳು ಒಂದನೇ ಕ್ಲಾಸಿಗೆ ಹೋಗತೊಡಗಿದ ಮೇಲೆ ನನಗೂ ಮತ್ತೆ ಒಂದು ಟೇಬಲ್ಲು, ಕೊರಳಿಗೊಂದು ಐಡಿ ಕಾರ್ಡು ಬೇಕೆನಿಸಿತು. ಇಷ್ಟು ವರ್ಷ ಮನೆಯಲ್ಲಿ ಕೂತವಳನ್ನು ಇನ್ನು ಯಾರು ಕರೆಯುತ್ತಾರೆ ಎಂಬ ಭಯ ಒಳಗೊಳಗೇ ಕೊರೆಯುತ್ತಿತ್ತು. ಹೆಬ್ಬಾಳದ ಒಂದು ಆಫೀಸಿನಿಂದ ಕರೆ ಬಂದಾಗ ಯಾರಿಗೂ ಹೇಳಬಾರದೆಂದುಕೊಂಡು ಅಮ್ಮನಿಗೆ ಮಾತ್ರ ಹೇಳಿದೆ. ಅಂದರೆ ಇಡೀ ಬೀದಿಗೆ ಹೇಳಿದ ಹಾಗಾಯಿತು!

ಇಂಟರ್‌ವ್ಯೂ ಮುಗಿಸಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮಾವ ಜಗಲಿ ಮೇಲೆ ಕೂತಿದ್ದರು. ಹೆಣ್ಣೇ ಗಂಡಿನ ಮನೆಗೆ ಹೋಗಿ ತೋರಿಸಿಕೊಂಡು ಬರುವುದೇ ತಪ್ಪು ಎಂಬುದು ಅವರ ಮೊದಲ ತಕರಾರು. ಆಮೇಲೆ ವಿಚಾರಣೆ ಶುರುವಾಯಿತು.

“ಕುಡಿಯಾಕೆ ಏನ್ ಕೊಟ್ರು?”

“ಕಾಫಿ ಕೊಟ್ರು ಮಾವ.”

“ಬಿಸ್ಕತ್ತು?”

“ಇಲ್ಲ.”

ಮಾವ ಕಣ್ಣು ಮುಚ್ಚಿ ಯೋಚಿಸಿದರು. “ಕಾಪಿ ಕೊಟ್ಟವ್ರೆ, ಬಿಸ್ಕತ್ತಿಲ್ಲ. ಅಂದ್ರೆ ಎಣ್ಣು ಒಪ್ಗೆ ಆಗೈತೆ. ಮನೇಲಿ ಯಾರೋ ಒಬ್ರು ಮೂತಿ ತಿರುವ್ತಾವ್ರೆ!”

“ಇಲ್ಲ ಮಾವ, ಮ್ಯಾನೇಜರಮ್ಮ ಕಿಟಕಿ ಪಕ್ಕದ ಸೀಟು ತೋರ್ಸಿ, ‘ಇದೇ ನಿಮ್ದು’ ಅಂದ್ರು. ಯಾವಾಗ ಜಾಯಿನ್ ಆಗ್ತೀರಾ ಅಂತ ಕೇಳಿದ್ರು. ಬ್ಲಡ್ ಗ್ರೂಪ್ ಕೂಡ ಬರ್ಕೊಂಡ್ರು!”

“ಬಾಗ್ಲಲ್ಲಿ ನಿಂತು ಕೊನೇಗೆ ಏನಂದ್ರು? ಅದೇಳು.”

“ವಿ ವಿಲ್ ಗೆಟ್ ಬ್ಯಾಕ್ ಟು ಯೂ ಅಂದ್ರು. ನಾವೇ ತಿಳಿಸ್ತೀವಿ ಅಂತ.”

ಮಾವನ ಮುಖ ಸಪ್ಪಗಾಯಿತು. “ಊರಿಗೋಗಿ ಕಾಗ್ದ ಬರೀತೀವಿ ಅಂದವ್ರೆ,” ಎಂದರು. ಉಪ್ಪಿಟ್ಟು, ಕೇಸರಿಬಾತು ಚೆನ್ನಾಗಿ ಬಾರಿಸಿ, ಕೈತೊಳೆದುಕೊಂಡು, ಈ ಮಾತನ್ನು ಹೇಳಿ ಹೋದ ಗಂಡಿನ ಕಡೆಯವರು ಕಾಗದ ಬರೆದದ್ದನ್ನು ನಮ್ಮ ಮಾವನಂತೂ ಕಂಡಿಲ್ಲ!

ಒಂದು ವಾರ ಸದ್ದಿಲ್ಲ. ಆಮೇಲೆ ಒಂದು ಈಮೇಲ್: ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ. ಮತ್ತೆ ಸದ್ದಿಲ್ಲ. ಇದ್ದಕ್ಕಿದ್ದ ಹಾಗೆ ಒಂದು ಫೋನು, ಪಾಸ್‌ಪೋರ್ಟ್ ಸೈಜಿನ ಫೋಟೋ ಕಳಿಸಿ ಎಂದು. ನಾನು ಕುಣಿದಾಡಿಬಿಟ್ಟೆ. ಎರಡು ಹೊಸ ಕಾಟನ್ ಚೂಡಿದಾರ್ ಹೊಲಿಸಲೂ ಹಾಕಿದೆ. ಮಾವನಿಗೆ ಮಾತ್ರ ಅನುಮಾನ. “ಫೋಟೋ ನೋಡಿ ಎಣ್ಣು ನೋಡಾಕ್ ಬರೋರನ್ನ ಕಂಡಿವ್ನಿ. ಎಣ್ಣು ನೋಡಿದ್ ಮ್ಯಾಲೆ ಫೋಟೋ ಕೇಳೋರು ಇವ್ರೇ ಮೊದ್ಲು!” ನಾನೇ ಫೋನು ಮಾಡಿದರೆ ಮೇಡಂ ಮೀಟಿಂಗಿನಲ್ಲಿದ್ದಾರೆ ಎಂಬ ಉತ್ತರ. ಮನೆಯಲ್ಲಿ ದೊಡ್ಡವರಿಲ್ಲ ಎಂದು ತಪ್ಪಿಸಿಕೊಳ್ಳುವುದೂ ಇದೂ ಒಂದೇ ಎಂದು ಮಾವ ವಿವರಿಸಿದರು. ಹೊಸ ವರ್ಷಕ್ಕೆ ‘ನಮ್ಮ ಕುಟುಂಬದಿಂದ ನಿಮಗೆ ಶುಭಾಶಯ’ ಎಂದು ಆಫೀಸಿನಿಂದ ಎಸ್ಸೆಮ್ಮೆಸ್ ಬಂತು. ಕುಟುಂಬ ಅಂತಲೇ ಹಾಕಿದ್ದಾರೆ! ನಾನು ಅದನ್ನು ಎಷ್ಟು ಸಲ ತೆಗೆದು ಓದಿದೆನೋ!

ಅದೇ ವಾರ ಪೇಪರಿನಲ್ಲಿ ಅದೇ ಆಫೀಸಿನ ಅದೇ ಕೆಲಸಕ್ಕೆ ಮತ್ತೆ ಜಾಹೀರಾತು ಬಂತು. ಇದಕ್ಕೇನು ಅರ್ಥ? ನನ್ನ ಗಂಡ “ಬಿಟ್ಟಾಕು ಮಾರಾಯ್ತಿ” ಎಂದರು. ಬಿಡುವುದಾದರೂ ಏನನ್ನು? ಇಲ್ಲ ಎಂದು ಯಾರೂ ಹೇಳಿರಲೇ ಇಲ್ಲವಲ್ಲ! ಹಾಲು ತರಲು ಹೋದರೆ ಅಂಗಡಿಯ ಜಯಕ್ಕ, “ಯಾವಾಗಿಂದ ಆಫೀಸು?” ಎಂದು ಕೇಳುತ್ತಿದ್ದಳು. “ಆಗುತ್ತೆ ಅಕ್ಕ” ಎಂದು ಹೇಳೀ ಹೇಳೀ ನನಗೆ ಅಂಗಡಿಗೆ ಹೋಗುವುದೇ ಬೇಡವೆನಿಸಿತ್ತು.

ಮಾವ ಹೆಬ್ಬಾಳಕ್ಕೆ ಹೋಗಿ ವಿಚಾರಿಸಿಕೊಂಡು ಬಂದರು. ಗಂಡಿನ ಮನೆಯ ವಿಷಯವನ್ನು ಗಂಡಿನ ಮನೆಯಲ್ಲಿ ಕೇಳಬಾರದು, ಎದುರಿನ ಅಂಗಡಿಯಲ್ಲಿ ಕೇಳಬೇಕು ಎಂಬುದು ಅವರ ಶಾಸ್ತ್ರ. ಆಫೀಸಿನ ಎದುರು ಟೀ ಅಂಗಡಿಯಲ್ಲಿ ಬೆಳಗಿನಿಂದ ಊಟದ ಹೊತ್ತಿನ ತನಕ ಕೂತು ತಂದ ವರದಿ ಹೀಗಿತ್ತು: “ಒಳಗಿಂದ ಬರೋ ಒಬ್ರ ಮೊಕದಲ್ಲೂ ಕಳೆ ಇಲ್ಲ. ವಾಚ್‌ಮನ್ನ ಕೇಳ್ದೆ, ಸೊಸೇರು ನಿಲ್ತಾರಾ ಇಲ್ಲಿ ಅಂತ. ಅವ್ನು ನನ್ ಮೊಕಾನೇ ನೋಡ್ದ.”

ನಾನು ಹಣೆ ಚಚ್ಚಿಕೊಂಡೆ. ಅಷ್ಟಕ್ಕೇ ಮುಗಿಯಿತೆಂದು ತಿಳಿದದ್ದು ನನ್ನ ದಡ್ಡತನ.

ಮುಂದಿನ ಸೋಮವಾರ ನನ್ನ ಫೋನು ಹೊಡೆದುಕೊಂಡಿತು. ಮ್ಯಾನೇಜರಮ್ಮ! ಇಷ್ಟು ದಿನ ಮೀಟಿಂಗಿನಿಂದ ಹೊರಗೇ ಬಾರದವರು ತಾವಾಗಿ ಮಾಡಿದ್ದಾರೆ!

“ಮೇಡಂ, ನಿಮ್ಮ ಅಂಕಲ್ ಬಂದಿದ್ದಾರೆ. ತಟ್ಟೆ ತಂದಿದ್ದಾರೆ. ಎಲೆ, ಅಡಿಕೆ, ಬಾಳೆಹಣ್ಣು... ಒಂದು ಚೀಲ ಅವರೆಕಾಯಿನೂ ಇದೆ. ಈ ಮನೇಲಿ ದೊಡ್ಡೋರು ಯಾರು ಅಂತ ಕೇಳ್ತಿದ್ದಾರೆ. ಏನ್ ಹೇಳ್ಲಿ?”

ಸಿಕ್ಕ ಆಟೋ ಹತ್ತಿ ಹೆಬ್ಬಾಳಕ್ಕೆ ಓಡಿದೆ. ಆಫೀಸಿನಲ್ಲಿ ಕೆಲಸ ನಿಂತೇ ಹೋಗಿತ್ತು. ಸೊಗಡು ಅವರೆಯ ಘಮ ಎಸಿಯಲ್ಲೆಲ್ಲ ಸುತ್ತುತ್ತಿತ್ತು. ಕಂಪ್ಯೂಟರ್ ಮುಂದಿನವರೆಲ್ಲ ಕತ್ತು ಎತ್ತಿ ನೋಡುತ್ತಿದ್ದರು. ಸೋಫಾದಲ್ಲಿ ಮಾವ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು.

“ನೋಡಿ ತಾಯಿ, ಒಪ್ಗೆ ಇದ್ರೆ ಐತೆ ಅನ್ನಿ. ಇಲ್ದಿದ್ರೆ ಇಲ್ಲ ಅನ್ನಿ. ಯಾರೂ ನಿಮ್ಮುನ್ನ ಬೈಯಲ್ಲ. ಎಣ್ಮಗೀನ ಮಾತ್ರ ಇಂಗೆ ಕಾಯಿಸ್ಬಾರ್ದು.”

“ಮಾವ, ನಡೀರಿ,” ಎಂದೆ. ಮುಖ ಉರಿಯುತ್ತಿತ್ತು.

ಮ್ಯಾನೇಜರಮ್ಮ ತಟ್ಟೆಯನ್ನೇ ನೋಡುತ್ತ ಕೂತರು. ನಂತರ ನನ್ನ ಕಡೆ ತಿರುಗಿ, “ಸಾರಿ ಮೇಡಂ. ಮೊದಲೇ ಬೇರೆಯೊಬ್ರಿಗೆ ಆಫರ್ ಕೊಟ್ಟಿದ್ವಿ. ಅವ್ರು ಬರ್ತೀನಿ, ಬರಲ್ಲ ಅಂತಿದ್ರು. ಬರ್ದೇ ಇದ್ರೆ ಇರ್ಲಿ ಅಂತ ನಿಮ್ಮನ್ನ ಇಟ್ಕೊಂಡಿದ್ವಿ. ಇವತ್ತು ಜಾಯಿನ್ ಆದ್ರು,” ಎಂದರು. ಕಿಟಕಿ ಪಕ್ಕದ ಸೀಟಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಅಷ್ಟು ದಿನ ನಾನು ಮನಸ್ಸಿನಲ್ಲೇ ನನ್ನ ಟಿಫಿನ್ ಡಬ್ಬಿ ಇಟ್ಟುಕೊಂಡಿದ್ದ ಟೇಬಲ್ಲು ಅದು.

ಮಾವ ಮೇಲೆದ್ದು ಕೈಮುಗಿದರು. ತಂದದ್ದನ್ನು ವಾಪಸ್ಸು ಒಯ್ಯಬಾರದೆಂದು ಎಲ್ಲವನ್ನೂ ಅಲ್ಲೇ ಬಿಟ್ಟರು. ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ತಿರುಗಿ ಅತ್ತೆ. ಅವರ ಮೇಲೆ ಸಿಟ್ಟು, ಆ ಆಫೀಸಿನ ಮೇಲೆ ಸಿಟ್ಟು, ಹೊಲಿಸಲು ಹಾಕಿದ ಚೂಡಿದಾರಿನ ಮೇಲೂ ಸಿಟ್ಟು.

ಕೋಗಿಲಿನಲ್ಲಿ ಇಳಿದರೆ ಜಯಕ್ಕನ ಅಂಗಡಿಯ ಮುಂದೆಯೇ ಹಾದುಹೋಗಬೇಕು. ಹಾಲಿಗೆ ಬಂದ ಹೆಂಗಸರೆಲ್ಲ ಅಲ್ಲೇ ನಿಂತಿದ್ದರು. ನಾನು ತಲೆ ತಗ್ಗಿಸಿದೆ.

“ಏನಾಯ್ತು ಅಣ್ಣಾ, ಕೆಲ್ಸದ್ದು?” ಜಯಕ್ಕ ಕೂಗಿ ಕೇಳಿದಳು.

“ನಾವೇ ಬ್ಯಾಡ ಅಂದ್ ಬಂದ್ವಿ ಕಣವ್ವಾ,” ಎಂದರು ಮಾವ, ರಸ್ತೆಯ ಆ ಬದಿಗೂ ಕೇಳುವಷ್ಟು ಜೋರಾಗಿ. “ಅವ್ರೇನೋ ಕಾಲಿಗೆ ಬೀಳೋದೊಂದು ಬಾಕಿ. ಆದ್ರೆ ಗಾಳಿ ಇಲ್ಲ, ಬೆಳಕಿಲ್ಲ, ಒಂದು ಮೊಕದಲ್ಲಿ ನಗು ಇಲ್ಲ. ನಮ್ ಮಗೀನ ಅಂತಾ ಕಡೆ ಕೊಡಾಕಾಯ್ತದಾ?”

ನಾನು ನಡೆಯುತ್ತಿದ್ದವಳು ನಿಂತುಬಿಟ್ಟೆ. ಈ ಮಾತನ್ನು ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ. ಕೆಳಗಿನ ಬೀದಿಯ ಶಾರದಕ್ಕನನ್ನು ನೋಡಿ ಹೋದವರ ಬಗ್ಗೆ, ನನ್ನ ಚಿಕ್ಕಮ್ಮನನ್ನು ನೋಡಿ ಹೋದವರ ಬಗ್ಗೆ, ಮಾವ ಇದೇ ಅಂಗಡಿಯ ಮುಂದೆ ಇದೇ ಗತ್ತಿನಲ್ಲಿ ಹೇಳಿದ್ದರು. ನಮ್ಮೂರಿನ ಹೆಣ್ಣುಮಕ್ಕಳು ಎಷ್ಟೊಂದು ಗಂಡುಗಳನ್ನು ಬೇಡ ಎಂದಿದ್ದಾರೆ ಎಂದು ನಾನು ಇಷ್ಟು ವರ್ಷ ಹೆಮ್ಮೆಪಟ್ಟುಕೊಂಡಿದ್ದೆ! ಅವರೆಲ್ಲರೂ ಮರುದಿನ ತಲೆ ಎತ್ತಿಕೊಂಡು ಹಾಲಿಗೆ ಬಂದದ್ದು ಹೇಗೆಂದು ನನಗೆ ಆಗ ಗೊತ್ತಾಯಿತು. ನಾನು ಹೋಗಿ ಮಾವನ ಪಕ್ಕದಲ್ಲಿ ನಿಂತೆ.

ಜಯಕ್ಕ ನನ್ನ ಮುಖ ನೋಡಿದಳು. “ಹೌದೇನೇ?”

“ಹೂಂ ಅಕ್ಕ,” ಎಂದೆ. “ನಮಗೇ ಇಷ್ಟ ಆಗ್ಲಿಲ್ಲ. ಅರ್ಧ ಲೀಟರ್ ಹಾಲು ಕೊಡಿ.”