ಬೂಷ್ಟು ಜೋಳದ ಉಪಕಾರ

ಕೆಟ್ಟ ಜೋಳವನ್ನು ಸದುಪಯೋಗ ಮಾಡುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ದೃಢವಾಗಿ ನಂಬಿದ್ದೆ. ನಾವು ಕೊಯಮತ್ತೂರಿನ ಅಂಚಿನಲ್ಲಿ ತಲೆಮಾರುಗಳಿಂದ ಮಗ್ಗದಲ್ಲಿ ಬಟ್ಟೆ ನೇಯುವವರು. ಮಗ್ಗಕ್ಕೆ ಏರಿಸುವ ಮೊದಲು ನೂಲಿಗೆ ಗಂಜಿ ಹಾಕಿ, ಬೀದಿಯುದ್ದಕ್ಕೂ ಎಳೆದು ಕಟ್ಟಿ ಒಣಗಿಸಬೇಕು. ಆ ಗಂಜಿಗೆ ಒಳ್ಳೆಯ ಧಾನ್ಯವೇ ಆಗಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಹಾಗಾಗಿ ಉಡುಮಲೈಪೇಟೆಯ ಗೆಳೆಯನ ಕಣದಲ್ಲಿ ಮಳೆಗೆ ನೆನೆದ ಮೆಕ್ಕೆಜೋಳ ಮೂಲೆಗೆ ಬಿದ್ದಿದ್ದನ್ನು ಕಂಡವನೇ ಒಂದು ಮೂಟೆ ಬಸ್ಸಿಗೆ ಹಾಕಿಕೊಂಡು ಬಂದೆ.

ಹೆಂಡತಿ ರುಕ್ಮಿಣಿ ಮೂಟೆ ಬಿಚ್ಚಿ ಮೂಗು ಮುಚ್ಚಿಕೊಂಡಳು.

"ಇದ್ಯಾಕೆ ಹಿಂಗೆ ಪಚ್ಚೆ ಪಚ್ಚೆಯಾಗಿದೆ? ಬೂಷ್ಟು ಅಲ್ವಾ?"

"ನಾವೇನು ತಿನ್ನಕ್ಕಾ ತಂದಿದ್ದು? ನೂಲಿಗೆ ತಾನೆ."

ಗಂಜಿಯಾಯಿತು, ನೂಲೂ ಒಣಗಿತು. ಇನ್ನೂ ಅರ್ಧ ಮೂಟೆ ಉಳಿಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಇಂದಿಗೂ ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತಿದ್ದೆ. ಆದರೆ ನನ್ನ ಉಪಕಾರಬುದ್ಧಿ ಬಿಡಬೇಕಲ್ಲ!

ಪಕ್ಕದ ಮನೆಯ ಪಳನಿಯಮ್ಮ ಗಂಡ ತೀರಿಕೊಂಡ ಮೇಲೆ ಸೆವಲೆ ಎಂಬ ಕೆಂಪು ಹಸುವಿನ ಹಾಲು ಮಾರಿಯೇ ಬದುಕುವವಳು. ನಮ್ಮ ಕಾಫಿಗೂ ಅದೇ ಹಾಲು. ನೂಲಿಗೆ ಹಾಕಿ ಉಳಿದ ಗಂಜಿ ಹಸುವಿನ ಬಾನಿಗೆ ಹೋಗುವುದು ನಮ್ಮ ಬೀದಿಯ ವಾಡಿಕೆ. ನಾನು ಒಂದು ಹೆಜ್ಜೆ ಮುಂದೆ ಹೋದೆ. ಉಳಿದ ಜೋಳವನ್ನು ತೊಳೆದು, ಬೇಯಿಸಿ, ದಿನವೂ ಬಕೆಟ್ಟಿನಲ್ಲಿ ಹೊತ್ತುಕೊಂಡು ಹೋಗಿ ಸುರಿದೆ.

"ಬೆಂದ ಮೇಲೆ ಬೂಷ್ಟು ಎಲ್ಲಿ ಉಳೀತದೆ?" ಎಂದು ಚಿಕ್ಕ ಉಪನ್ಯಾಸವನ್ನೂ ಕೊಟ್ಟೆ. ಪಳನಿಯಮ್ಮ ನನಗೆ ಕೈ ಮುಗಿದಳು.

ಹೀಗೆ ಕೆಲವು ದಿನ ಕಳೆಯಿತು. ಒಂದು ಬೆಳಿಗ್ಗೆ ಅವಳು ಬಾಗಿಲಿಗೆ ಬಂದು ನಿಂತಳು.

"ಅಣ್ಣ, ಸೆವಲೆ ನಿನ್ನೆಯಿಂದ ಮೇವೇ ಮುಟ್ಟಿಲ್ಲ. ಎಬ್ಬಿಸಿದ್ರೂ ಏಳಲ್ಲ."

ಹಸುವಿನ ಡಾಕ್ಟರಮ್ಮ ಬಂದರು. ಹಸುವಿನ ಕಣ್ಣ ರೆಪ್ಪೆ ಬಿಡಿಸಿ ನೋಡಿ, ಏನು ತಿನ್ನಿಸಿದಿರಿ ಎಂದು ಕೇಳಿದರು. ಪಳನಿಯಮ್ಮ ಬಾಯಿ ತೆರೆಯುವ ಮೊದಲೇ ನಾನು ಅಂಗಡಿಯ ಹಿಂಡಿಯ ಮೇಲೆ ಅನುಮಾನ ವ್ಯಕ್ತಪಡಿಸಿದೆ. ಅದು ಸಾಲದೆಂದು ಹವಾಮಾನವನ್ನೂ ಸೇರಿಸಿದೆ. ರುಕ್ಮಿಣಿ ನಮ್ಮ ಮನೆಯೊಳಗೆ ಹೋಗಿ, ಉಳಿದ ಜೋಳದ ಮೂಟೆಯನ್ನು ಎಳೆದು ತಂದು ನನ್ನ ಕಾಲ ಬುಡದಲ್ಲೇ ಇಟ್ಟಳು.

ಡಾಕ್ಟರಮ್ಮ ಒಂದು ಹಿಡಿ ತೆಗೆದು ನೋಡಿದರು. "ಬೇಯಿಸಿದ್ರೆ ಬೂಷ್ಟು ಸಾಯ್ತದೆ, ಅದು ಬಿಟ್ಟ ವಿಷ ಸಾಯಲ್ಲ. ಲಿವರ್‌ಗೇ ಹೊಡೀತದೆ. ಹಾಲಲ್ಲೂ ಇಳೀತದೆ, ನಾನು ಹೇಳೋ ತನಕ ಯಾರೂ ಕುಡೀಬೇಡಿ."

ನಾನು ಆಗಷ್ಟೇ ನಿನ್ನೆ ಕರೆದ ಹಾಲಿನಲ್ಲಿ ಎರಡನೇ ಲೋಟ ಕಾಫಿ ಮುಗಿಸಿ ಬಂದಿದ್ದೆ.

"ಡಾಕ್ಟರಮ್ಮ, ನಾನು?"

"ನೀವು ಆಮೇಲೆ. ಮೊದಲು ಹಸು."

"ಬದುಕ್ತದಾ?" ಪಳನಿಯಮ್ಮ ಕೇಳಿದಳು.

"ನಾಳೆ ಮೇವು ಮುಟ್ಟಿದ್ರೆ ಬದುಕ್ತದೆ."

ಬೈದಿದ್ದರೆ ವಾದ ಮಾಡಬಹುದಿತ್ತು. ಪಳನಿಯಮ್ಮ ಬೈಯಲಿಲ್ಲ, ಹಸುವಿನ ಕುತ್ತಿಗೆ ಸವರುತ್ತಾ ಕೂತುಬಿಟ್ಟಳು. ಡಾಕ್ಟರಮ್ಮ ಹಸುವಿಗೆ ಹಾಕಿದ ಡ್ರಿಪ್ಪಿನ ಬಾಟಲಿಯನ್ನು ನಾನು ಎತ್ತಿ ಹಿಡಿದು ನಿಂತೆ. ತೂಗುಹಾಕಲು ತಲೆಯ ಮೇಲೇ ಗೂಟವಿತ್ತು. ಯಾರೂ ಹೇಳಲಿಲ್ಲ, ನಾನೂ ನೋಡಲಿಲ್ಲ. ಹಸು ಹೋದರೆ ಇವಳ ಗತಿಯೇನು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಮರುದಿನ ಬೆಳಗಾಗುತ್ತಲೇ ಬೀದಿಯವರೆಲ್ಲ ಕೊಟ್ಟಿಗೆಯ ಮುಂದೆ ಸೇರಿದರು. ಪಳನಿಯಮ್ಮ ಹಸಿ ಹುಲ್ಲು ಹಿಡಿದಳು. ಸೆವಲೆ ಎಷ್ಟೋ ಹೊತ್ತು ಸುಮ್ಮನಿತ್ತು. ಕೊನೆಗೆ ನಾಲಿಗೆ ಚಾಚಿ ಎಳೆದುಕೊಂಡಿತು. ಪಳನಿಯಮ್ಮ ಅಳತೊಡಗಿದಳು. ರುಕ್ಮಿಣಿ ಕೊಟ್ಟಿದ್ದನ್ನೂ ತಿಂದಿತು. ನಾನು ಧೈರ್ಯ ಮಾಡಿ, ಆಗಷ್ಟೇ ಕೊಯ್ದು ತಂದಿದ್ದ ಹುಲ್ಲಿನ ಹಿಡಿಯನ್ನು ವಿನಯಪೂರ್ವಕವಾಗಿ ಮುಂದೆ ಚಾಚಿದೆ. ಸೆವಲೆ ನನ್ನ ಕೈಯನ್ನು ಮೂಸಿ, ಮುಖವನ್ನು ಗೋಡೆಯ ಕಡೆ ತಿರುಗಿಸಿತು.

ಯಾರೂ ನಗಲಿಲ್ಲ. ಪಳನಿಯಮ್ಮ ನನ್ನ ಕೈಯಿಂದ ಹುಲ್ಲನ್ನು ತೆಗೆದುಕೊಂಡಳು. ತಾನೇ ಒಮ್ಮೆ ಮೂಸಿ ನೋಡಿದಳು. ಆಮೇಲೆ ಹಸುವಿಗೆ ಕೊಟ್ಟಳು.