ಮುರಿಗೆಪ್ಪನ ಬಂದೂಕಿನ ಪೂಜೆ

ಗುರುದೇವಿ: ಅಮೇರಿಕಾದವ್ರು ತಮ್ಮ ಬಂದೂಕ ಬ್ಯಾನ್ ಮಾಡ್ಲಿ, ಬಿಡ್ಲಿ. ಲಂಡನ್ನಿನ ಇಲ್ಫರ್ಡ್‌ನಾಗ ಕುಂತು ನೀವ್ಯಾಕ ಟಿವಿಗಿ ಚಪ್ಪಲಿ ಒಗದ್ರಿ?

ಮುರಿಗೆಪ್ಪ: ಒಗೀಲಿಲ್ಲ, ಕಾಲಾಗಿಂದ ಜಾರಿ ಹೋತು. ಆಟೋಮ್ಯಾಟಿಕ್ ಬಂದೂಕ ಮಂದಿ ಕೈಯಾಗ ಇರಬಾರ್ದಂತ ಕಾಯ್ದೆ ತರ್ತಾರಂತ! ಹಕ್ಕು ಗುರುದೇವಿ, ಹಕ್ಕು! ಇವತ್ತ ಬಂದೂಕ ಕಸಗೊಂಡವ್ರು ನಾಳೆ ನಮ್ಮ ಉಳ್ಳಾಗಡ್ಡಿ ಹೆಚ್ಚೂ ಚಾಕೂನೂ ಕಸಗೋತಾರ.

ಗುರುದೇವಿ: ಆ ಚಾಕು ಈ ಮನ್ಯಾಗ ಎಲ್ಲೈತಿ, ಹೇಳ್ರಿ ನೋಡೂಣು.

ಮುರಿಗೆಪ್ಪನಿಗೆ ಗೊತ್ತಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಗೊತ್ತಾಗುವ ಪ್ರಸಂಗವೂ ಬಂದಿಲ್ಲ. ಅವನಿಗೆ ಗೊತ್ತಿರುವುದು ಒಂದೇ: ಬೆಳಗಾವಿಯ ಅಜ್ಜನ ಮನೆಯಲ್ಲಿ ದಸರೆಯ ಖಂಡೇನವಮಿಗೆ ಬಂದೂಕಿಗೆ ಪೂಜೆಯಾಗುತ್ತಿತ್ತು, ಇಲ್ಲಿಯೂ ಆಗಬೇಕು. ಅದಕ್ಕಾಗಿ ಷಾಟ್‌ಗನ್ ಲೈಸೆನ್ಸಿಗೆ ಅರ್ಜಿ ಹಾಕಿ, ಬಂದೂಕು ಇಡಲು ಮಹಡಿಯ ಗೋಡೆಗೆ ಉಕ್ಕಿನ ಪೆಟ್ಟಿಗೆ ಜಡಿಸಿದ್ದಾನೆ. ಹನ್ನೊಂದು ಗಂಟೆಗೆ ಪೊಲೀಸರ ಲೈಸೆನ್ಸ್ ಆಫೀಸರ್ ಮನೆ ನೋಡಲು ಬರುತ್ತಾರೆ. ಹೆಂಡತಿಯನ್ನೂ ವಿಚಾರಿಸುತ್ತಾರಂತೆ.

ಮುರಿಗೆಪ್ಪ: ಆ ಆಫೀಸರ್ ಮುಂದ ಚಪ್ಪಲಿ ಸುದ್ದಿ ತಗೀಬ್ಯಾಡ. ನಮ್ಮವ್ರು ಭಾಳ ಶಾಂತ ಅನ್ನು. ಬಂದೂಕಿನ ಪೂಜಾಕ್ಕ ಬರ್ರಿ ಅಂತ ಎಂಟು ಮನಿಗಿ ಹೇಳೀನಿ. ನಮ್ಮ ದೋಸ್ತ ಶರಣಬಸವ ಅಷ್ಟ ದೂರ ಗ್ರೀನ್‌ಫರ್ಡ್‌ನಿಂದ ಬರಾಂವ ಅದಾನ. ಮರ್ಯಾದಿ ಪ್ರಶ್ನೆ!

ಗುರುದೇವಿ: ನನಗ ಸುಳ್ಳ ಹೇಳಾಕ ಬರಂಗಿಲ್ರೀ.

ಮುರಿಗೆಪ್ಪ: ಮೊನ್ನೆ ನಮ್ಮವ್ವನ ಫೋನ್ ಬಂದಾಗ, ಜ್ವರ ಬಂದಾವ, ಮಲಗೇನಿ ಅಂದ್ಯಲ್ಲ?

ಗುರುದೇವಿ: ಅದು ಸುಳ್ಳಲ್ಲ. ಚಂದ್ರವ್ವತ್ತಿ ಫೋನ್ ಬಂತಂದ್ರ ನನಗ ಖರೇನ ಜ್ವರ ಬರ್ತಾವ.

ಬೆಲ್ ಆಯಿತು. ಬಂದವರು ಎತ್ತರದ ಇಂಗ್ಲಿಷ್ ಹೆಂಗಸು, ಕೈಯಲ್ಲಿ ದಪ್ಪ ಫೈಲು. ಮುಂದಿನ ಮಾತುಕತೆ ನಡೆದದ್ದು ಇಂಗ್ಲಿಷಿನಲ್ಲಿ; ಓದುವವರ ಅನುಕೂಲಕ್ಕೆ ಕನ್ನಡದಲ್ಲಿದೆ.

ಆಫೀಸರ್: ನಿಮ್ಮ ಯಜಮಾನರಿಗೆ ಸಿಟ್ಟು ಜಾಸ್ತಿಯೇ?

ಗುರುದೇವಿ: ಇಲ್ಲ ಇಲ್ಲ, ಭಾಳ ಶಾಂತ.

(ಮುರಿಗೆಪ್ಪ ಮೀಸೆ ಸವರಿಕೊಂಡ.)

ಗುರುದೇವಿ: ಟಿವಿ ಮ್ಯಾಲ ಅಷ್ಟ ಸಿಟ್ಟು. ಮತ್ತ ಕಸದ ಬಿನ್ ಒಯ್ಯವ್ರ ಮ್ಯಾಲ. ಮತ್ತ ಅಂಗಡ್ಯಾಗ ಬಿಲ್ ಮಾಡೂ ಮಷಿನ್ ಮ್ಯಾಲ.

ಮುರಿಗೆಪ್ಪ: ನನ್ನ ಚೀಲದಾಗ ಬಿಲ್ ಮಾಡಲಾರದ ಸಾಮಾನ ಐತಿ ಅಂತ ಎಲ್ಲಾರ ಮುಂದ ಒದರ್ತು ಅದು!

(ಆಫೀಸರ್ ಏನನ್ನೋ ಬರೆದುಕೊಂಡರು. ಬಹಳ ಹೊತ್ತು ಬರೆದುಕೊಂಡರು.)

ಮುರಿಗೆಪ್ಪ: ಅದಿರ್ಲಿ ಮೇಡಂ, ಷಾಟ್‌ಗನ್ ಬದಲಿ ಆಟೋಮ್ಯಾಟಿಕ್ ಸಿಗಂಗಿಲ್ಲೇನು?

ಆಫೀಸರ್: ಈ ದೇಶದಲ್ಲಿ ಅದು ಎಂದೋ ನಿಷೇಧವಾಗಿದೆ. ನಿಮಗೆ ಯಾಕೆ ಬೇಕು?

ಮುರಿಗೆಪ್ಪ: ಪೂಜಾಕ್ಕ.

ಆಫೀಸರ್: ನಿಮಿಷಕ್ಕೆ ಆರುನೂರು ಗುಂಡು ಹಾರಿಸುವುದು, ಪೂಜೆಗೆ?

ಗುರುದೇವಿ: ನಮ್ಮ ಕಡೆ ಹಬ್ಬ ಭಾಳ ಜೋರ್ ಮಾಡ್ತಾರ್ರೀ.

ಪೆಟ್ಟಿಗೆ ತೋರಿಸಿ ಎಂದರು ಆಫೀಸರ್. ಮೂವರೂ ಮಹಡಿ ಹತ್ತಿದರು. ಮುರಿಗೆಪ್ಪ ಎದೆಯುಬ್ಬಿಸಿ ಪೆಟ್ಟಿಗೆಯ ಮುಂದೆ ನಿಂತು, ರೂಢಿಯಂತೆ ಕೈ ಚಾಚಿದ.

ಮುರಿಗೆಪ್ಪ: ಗುರುದೇವಿ, ಕೀಲಿಕೈ ತಾ.

ಅವಳು ಸೊಂಟದ ಗೊಂಚಲಿನಿಂದ ತೆಗೆದುಕೊಟ್ಟಳು. ಬಾಗಿಲು ತೆರೆಯಿತು. ಒಳಗೆ ವರ್ಷಕ್ಕಾಗುವಷ್ಟು ಮಸಾಲಿ ಖಾರ, ಎರಡು ಡಬ್ಬಿ ಶೇಂಗಾ ಚಟ್ನಿ, ಗುರುದೇವಿಯ ಬಂಗಾರದ ಪಾಟ್ಲಿ ಬಳೆ. ಆಫೀಸರ್ ಐದು ಸಲ ಸೀನಿದರು.

ಆಫೀಸರ್: ಕೀಲಿಕೈ ಲೈಸೆನ್ಸ್ ಇದ್ದವರ ಹತ್ತಿರ ಮಾತ್ರ ಇರಬೇಕು. ಎಲ್ಲಿದೆ ಅನ್ನುವುದು ಹೆಂಡತಿಗೂ ಗೊತ್ತಿರಬಾರದು.

ಗುರುದೇವಿ: ಇವ್ರ ಚಷ್ಮಾ ಎಲ್ಲೈತಿ ಅನ್ನೂದನ್ನ ನಾನ ಹೇಳ್ಬೇಕು ಮೇಡಂ.

ಮುರಿಗೆಪ್ಪ: ಏ, ಸಾಕ್ ಸುಮ್ಕಿರ! ಈಗ ಮುಚ್ಚಿಟ್ಟು ಬರ್ತೀನಿ, ಹುಡುಕು ನೋಡೂಣು!

ಪೆಟ್ಟಿಗೆಯಿಂದ ಕೀಲಿಕೈ ಕಿತ್ತುಕೊಂಡು ದಡದಡ ಕೆಳಗಿಳಿದ. ಎರಡು ನಿಮಿಷದಲ್ಲಿ ಏದುಸಿರು ಬಿಡುತ್ತ ಗೆದ್ದ ಮುಖದಿಂದ ಬಂದ.

ಆಫೀಸರ್: ಒಳ್ಳೆಯದು. ಈಗ ತಂದು ಪೆಟ್ಟಿಗೆಗೆ ಬೀಗ ಹಾಕಿ.

ಮುರಿಗೆಪ್ಪ ಮತ್ತೆ ಕೆಳಗೆ ಹೋದ. ಡ್ರಾಯರ್ ಎಳೆದ ಸದ್ದು, ಪಾತ್ರೆ ಬಿದ್ದ ಸದ್ದು, ಬೈಗುಳದ ಸದ್ದು. ಗುರುದೇವಿ ನಿಂತಲ್ಲಿಂದಲೇ ಕೂಗಿದಳು.

ಗುರುದೇವಿ: ರೀ, ಬಸವಣ್ಣನ ಫೋಟೋ ಹಿಂದ ನೋಡ್ರಿ!

ಸದ್ದು ನಿಂತಿತು. ಆಫೀಸರ್ ಫೈಲು ಮುಚ್ಚಿದರು.

ಆಫೀಸರ್: ಅವರ ಅರ್ಜಿ ಮಂಜೂರಾಗುವುದು ಕಷ್ಟ. ಆದರೆ ಈ ಮನೆಯಲ್ಲಿ ಕೀಲಿಕೈ ಕಾಯಬಲ್ಲವರು ನೀವೊಬ್ಬರೇ. ಬೇಕಿದ್ದರೆ ನೀವೇ ಅರ್ಜಿ ಹಾಕಿ. ಫಾರ್ಮ್ ಇಲ್ಲಿದೆ.

ಅವರು ಹೋದ ಮೇಲೆ ಮುರಿಗೆಪ್ಪ ನೋಡಿದರೆ, ಹೆಂಡತಿ ಅಡುಗೆಮನೆಯಲ್ಲಿ ಪೆನ್ನು ಹಿಡಿದು ಕೂತಿದ್ದಾಳೆ.

ಮುರಿಗೆಪ್ಪ: ಏನ್ ಬರ್ಯಾಕತ್ತಿ?

ಗುರುದೇವಿ: ನನ್ನ ಹೆಸರು. ಹಕ್ಕು ಅಂದ್ರ ಹಕ್ಕು.

ಮುರಿಗೆಪ್ಪ: ಎಲ್ಲೀ ಹಕ್ಕು! ಸಂಸಾರಸ್ಥರ ಮನ್ಯಾಗ ಬಂದೂಕ ಯಾಕ ಬೇಕು? ಸಿಟ್ಟಿನಾಗ ಏನರ ಆತಂದ್ರ? ಅಮೇರಿಕಾದವ್ರು ಮಾಡೂದ ಬರೋಬ್ಬರಿ ಐತಿ. ಆಟೋಮ್ಯಾಟಿಕ್ ಅಷ್ಟ ಅಲ್ಲ, ಎಲ್ಲಾನೂ ಬ್ಯಾನ್ ಮಾಡ್ಬೇಕು!

ಗುರುದೇವಿ: ನನಗೆಲ್ಲಿ ಸಿಟ್ಟ ಬರ್ತೈತಿ?

ಮುರಿಗೆಪ್ಪ: ಮೂವತ್ತು ವರ್ಷದ್ದು ಒಳಗ ಐತಲ್ಲ!

ಗುರುದೇವಿ ಅವನ ಕೈಯಿಂದ ಕೀಲಿಕೈ ತೆಗೆದುಕೊಂಡಳು. ಮಹಡಿ ಹತ್ತಿ, ಫಾರ್ಮನ್ನು ಖಾರದ ಡಬ್ಬಿಯ ಕೆಳಗಿಟ್ಟು, ಪೆಟ್ಟಿಗೆಗೆ ಕೀಲಿ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

ಗುರುದೇವಿ: ಬರೇ ಫಾರ್ಮಿಗೇ ಇಷ್ಟ ಅಂಜಿದ್ರಿ, ಬಂದೂಕ ಯಾಕ ಬೇಕ್ರೀ? ಖಂಡೇನವಮಿಗಿ ಆ ಫಾರ್ಮಿಗೇ ಕುಂಕುಮ ಹಚ್ಚೂಣು. ಎಂಟೂ ಮನಿಯವ್ರಿಗೆ ಬರಾಕ ಹೇಳ್ರಿ.